ಹೊರಗೆ ಹೋಗುವ ದನಿಗೆ ಕಾವಲು

ಮಾತಿನ ಟೀಚರ್ ಗುರುವಾರ ಬೆಳಿಗ್ಗೆ ತೀರಿಕೊಂಡಳು. ಹೃದಯಾಘಾತ. ಮುಖ ತೊಳೆದು ಬಂದವಳು ಮಂಚದ ಮೇಲೆ ಕೂತಳು, ಮತ್ತೆ ಏಳಲಿಲ್ಲ. ಮಹಡಿಯ ಮೇಲಿದ್ದ ತಮ್ಮ ಇಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸುದ್ದಿ ಕೇಳಿದವರಿಗೆ ಸಾವಿಗಿಂತ ಹೆಚ್ಚಾಗಿ ಅವಳು ಕೂತಿದ್ದಳು ಅನ್ನುವುದನ್ನೇ ನಂಬಲಾಗಲಿಲ್ಲ. ಅವಳು ಕಾಲೂರಿ ನಿಂತದ್ದನ್ನು ಕಂಡವರೇ ಕಡಿಮೆ. ಬಸ್ಸು ಬರುವುದು ತಡವಾದರೆ ಕಾಯುತ್ತಿರಲಿಲ್ಲ, ಮುಂದಿನ ಸ್ಟಾಪಿಗೆ ನಡೆದುಬಿಡುತ್ತಿದ್ದಳು. ಅಲ್ಲಿಗೆ ಮುಟ್ಟುವಾಗ ಬಸ್ಸು ಅವಳನ್ನು ದಾಟಿ ಹೋಗಿರುತ್ತಿತ್ತು, ಆಗ ಅದರ ಮುಂದಿನ ಸ್ಟಾಪಿಗೆ. ಹೀಗೆ ಎಷ್ಟೋ ಸಲ ಮನೆಯವರೆಗೂ ನಡೆದೇ ಬಂದು, ಚಪ್ಪಲಿ ಕಳಚುತ್ತಾ ಬಸ್ಸಿನವರಿಗೆ ಶಾಪ ಹಾಕಿದ್ದಾಳೆ. ಫೋನಿನಲ್ಲಿ ಮಾತಾಡುವಾಗ ಕೋಣೆಯ ಒಂದು ಗೋಡೆಯಿಂದ ಇನ್ನೊಂದಕ್ಕೆ ತಿರುಗುತ್ತಿದ್ದಳು. ಚಹಾ ಆರುವವರೆಗೆ ಕಾಯಲಾರದೆ ನಾಲಿಗೆ ಸುಟ್ಟುಕೊಳ್ಳುತ್ತಿದ್ದಳು.

ಆದರೆ ಮನೆಯ ಮುಂದಿನ ಕೋಣೆಯಲ್ಲಿ, ತೊದಲುವವರ ಎದುರು, ಅವಳು ಬೇರೆಯೇ ಹೆಂಗಸು. ಎದುರಿಗಿದ್ದವರ ಬಾಯಲ್ಲಿ ಒಂದು ಅಕ್ಷರ ಸಿಕ್ಕಿಕೊಂಡರೆ ಅದು ತಾನಾಗಿ ಬಿಡಿಸಿಕೊಂಡು ಬರುವ ತನಕ ಕಣ್ಣು ಕೂಡ ಮಿಟುಕಿಸದೆ ಕಾಯುತ್ತಿದ್ದಳು. ಆ ಮಾತನ್ನು ತಾನೇ ಹೇಳಿ ಮುಗಿಸುವ ಚಪಲ ಅವಳಿಗೆ ಒಂದು ದಿನವೂ ಹತ್ತಲಿಲ್ಲ. ಇವಳಿಗೆ ಇದ್ದ ತಾಳ್ಮೆಯೆಲ್ಲ ಆ ಕೋಣೆಯಲ್ಲೇ ಖರ್ಚಾಗಿ ಹೋಗುತ್ತೆ, ನಮಗೆ ಚೂರೂ ಉಳಿಯೋದಿಲ್ಲ ಎಂದು ತಮ್ಮ ಗೊಣಗುತ್ತಿದ್ದ.

ಆ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಕನ್ನಡಿ, ಒಂದು ಗೋಡೆ ಗಡಿಯಾರ, ಮೂಲೆಯ ಮೇಜಿನ ಮೇಲೆ ಕಂಪ್ಯೂಟರು. ಬಂದವರ ದನಿಯನ್ನು ಮೊದಲ ದಿನವೇ ರೆಕಾರ್ಡ್ ಮಾಡಿಕೊಳ್ಳುವುದು ಅವಳ ಪದ್ಧತಿ. ಹೆಸರು ಹೇಳಿ, ವಿಳಾಸ ಹೇಳಿ, ಇವತ್ತು ಎದ್ದ ಮೇಲೆ ಏನೇನು ಮಾಡಿದಿರಿ ಹೇಳಿ. ಆಮೇಲೆ ಪ್ರತಿ ವಾರ ಇನ್ನೊಂದು. ತಿಂಗಳುಗಳು ಕಳೆದು, ಇನ್ನು ಸುಧಾರಿಸಿತು ಅನ್ನಿಸಿದಾಗ ಆ ಮೊದಲ ದಿನದ ದನಿಯನ್ನು ಅವರಿಗೇ ಕೇಳಿಸುವಳು. ಅದನ್ನು ಕೇಳಿ ಅತ್ತವರಿದ್ದಾರೆ, ಬಿದ್ದುಬಿದ್ದು ನಕ್ಕವರೂ ಇದ್ದಾರೆ. ರೆಕಾರ್ಡ್ ಗುಂಡಿ ಒತ್ತುವ ಮೊದಲು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು: "ಇದು ನಿಮ್ಮ ದನಿ. ನೀವು ಹೇಳೋ ತನಕ ಈ ಕೋಣೆ ದಾಟೋಲ್ಲ."

ಈ ಮಾತಿನ ಮೇಲೆ ಎಲ್ಲರಿಗಿಂತ ಹೆಚ್ಚು ಭಾರ ಹಾಕಿದವರು ವಾರ್ತೆಯವರು. ರೇಡಿಯೋದಲ್ಲಿ ವಾರ್ತೆ ಓದಿ ನಿವೃತ್ತರಾದವರು. ಒಂದು ಕಾಲದಲ್ಲಿ ಅವರ ದನಿ ಕಿವಿಗೆ ಬಿದ್ದರೆ ಜನ ಗಡಿಯಾರ ನೋಡದೆಯೇ ಒಲೆ ಹಚ್ಚುತ್ತಿದ್ದರು. ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ಹೇಳಬೇಕಾದ್ದು ತಲೆಯಲ್ಲಿ ಇರುತ್ತಿತ್ತು, ನಾಲಿಗೆಗೆ ಇಳಿಯುತ್ತಿರಲಿಲ್ಲ. ಮೊದಲ ದಿನ ಅವರ ಬಾಯಿಂದ ಸ್ಪಷ್ಟವಾಗಿ, ಹಳೆಯ ಠೀವಿಯಲ್ಲೇ ಹೊರಟದ್ದು ಒಂದೇ ಪದ: "ದರಿದ್ರ!"

ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಮೂವತ್ತು ವರ್ಷ ಸಂಸಾರ ಮಾಡಿದೀನಿ ಟೀಚರ್, ಇವರ ಬಾಯಲ್ಲಿ ಇಂಥ ಮಾತು ಕೇಳಿರಲಿಲ್ಲ."

"ಬೈಗುಳ ಬೇರೆ ಗೂಡಲ್ಲಿರುತ್ತೆ ಅಮ್ಮ, ಲಕ್ವಕ್ಕೆ ಬೇಗ ಸಿಗಲ್ಲ. ಬೈಯಲಿ ಬಿಡಿ. ಒಂದು ಬಾಗಿಲು ತೆಗೆದಿದೆ ಅಂತ ಆಯ್ತಲ್ಲ."

ಪಾಠ ಶುರುವಾಗುವ ಮೊದಲು ಹೆಂಡತಿ ತಾವೇ ಎದ್ದು ಕಿಟಕಿ ಹಾಕುತ್ತಿದ್ದರು. ಬೀದಿಯಲ್ಲಿ ಹೋಗುವವರು ಗುರುತಿಸಿಬಿಟ್ಟರೆ? ಗಂಡನ ಈ ಒಡೆದ ದನಿ ಯಾರ ಕೈಗಾದರೂ ಸಿಕ್ಕಿ, ಫೋನಿನಿಂದ ಫೋನಿಗೆ ಹಾರಿ, ಊರೆಲ್ಲ ಅಯ್ಯೋ ಪಾಪ ಅಂದುಬಿಟ್ಟರೆ? "ಅವರು ಆ ದಿನವೇ ಸತ್ತುಹೋಗ್ತಾರೆ ಟೀಚರ್" ಎಂದು ಒಮ್ಮೆ ಬಾಗಿಲಲ್ಲಿ ನಿಂತು ಪಿಸುಗುಟ್ಟಿದ್ದರು.

ಅಂಥ ಒಂದು ಮಧ್ಯಾಹ್ನ, ವಾರ್ತೆಯವರು ಕಣ್ಣು ಮುಚ್ಚಿ ಉಸಿರಿನ ಅಭ್ಯಾಸ ಮಾಡುತ್ತಿದ್ದಾಗ, ಕಂಪ್ಯೂಟರಿನ ಪಕ್ಕದ ಇಂಟರ್ನೆಟ್ ಡಬ್ಬಿಯ ಮೇಲೆ ಟೀಚರ್ ಕಣ್ಣು ಬಿತ್ತು. ಹಸಿರು ದೀಪ ಪಟಪಟನೆ ಮಿಣುಕುತ್ತಿತ್ತು. ಯಾರೂ ಏನೂ ಮಾಡುತ್ತಿರಲಿಲ್ಲ. ಆಗತಾನೇ ಒಂದು ರೆಕಾರ್ಡಿಂಗ್ ಮುಗಿಸಿ ಉಳಿಸಿಟ್ಟಿದ್ದಳು, ಅಷ್ಟೇ. ಏನೋ ಹೊರಗೆ ಹೋಗುತ್ತಿದೆ ಅನ್ನಿಸಿತು.

ಆಫೀಸಿನಿಂದ ತಮ್ಮ ಬರುವುದನ್ನೇ ಕಾದು ಮೆಟ್ಟಿಲ ಬುಡದಲ್ಲೇ ಹಿಡಿದಳು. ಅವನು ವಿಮಾ ಕಚೇರಿಯಲ್ಲಿ ಗುಮಾಸ್ತ. ಕಂಪ್ಯೂಟರು ಕೊಡಿಸಿ, ಜೋಡಿಸಿ, ಕಲಿಸಿದವನು ಅವನೇ, ಹಾಗಾಗಿ ಆ ವಿಷಯದಲ್ಲಿ ಮನೆಗೆ ಅವನೇ ಪಂಡಿತ.

"ಅಕ್ಕಾ, ಮಿಣುಕಲಿ ಅಂತಲೇ ಅಲ್ಲಿ ಲೈಟು ಇಟ್ಟಿರೋದು. ಅದು ಅಪ್‌ಡೇಟು, ಇದು ಅಪ್‌ಡೇಟು, ಸುಮ್ಮನೆ ಏನೋ ಓಡಾಡ್ತಿರುತ್ತೆ."

"ಸುಮ್ಮನೆ ಓಡಾಡೋದು ನಾನು. ಮಿಷನ್ನು ಯಾಕೆ ಓಡಾಡಬೇಕು?"

ಅವನು ಉಸ್ಸಪ್ಪಾ ಎಂದು ಬ್ಯಾಗು ಇಳಿಸಿ, ಪರದೆಯ ಮೇಲೆ ಒಂದು ಕಿಟಕಿ ತೆರೆದು ತೋರಿಸಿದ. "ನೋಡು, ಇದೇ ಫೈರ್‌ವಾಲ್. ಕಂಪ್ಯೂಟರ್ ಜೊತೆಗೇ ಬಂದಿರೋದು. ಆನ್ ಇದೆ. ಹೊರಗಿನಿಂದ ಯಾವನೋ ನುಗ್ಗೋಕೆ ಬಂದರೆ ಬಾಗಿಲಲ್ಲೇ ತಡೆಯುತ್ತೆ. ಆಯ್ತಾ?"

"ಒಳಗೆ ಬರೋರನ್ನ ತಡೆಯುತ್ತೆ. ಹೊರಗೆ ಹೋಗೋರನ್ನ?"

"ಹೊರಗೆ ಹೋಗೋಕೆ ಒಳಗೆ ಯಾರಿದಾರೆ?"

"ಎಲ್ಲರೂ ಇದಾರಲ್ಲೋ" ಅಂದಳು. ಅವನಿಗೆ ಅರ್ಥವಾಗಲಿಲ್ಲ, ಊಟಕ್ಕೆ ಹೋದ.

ಮಾರನೆಯ ದಿನವೇ ಬಿಚ್ಚಣ್ಣನನ್ನು ಕರೆಸಿದಳು. ಹತ್ತಿರದ ಬೀದಿಯ ಕಂಪ್ಯೂಟರ್ ರಿಪೇರಿಯವನು. ಏನು ತೊಂದರೆ ಎಂದು ಕೇಳುವ ಮೊದಲೇ ಸ್ಕ್ರೂ ಬಿಚ್ಚಿ ಹರಡಿಕೊಂಡು ಕೂರುವ ಅಭ್ಯಾಸಕ್ಕೆ ಜನ ಇಟ್ಟ ಹೆಸರು ಅದು. ನಡುವಯಸ್ಸಿನ ದಪ್ಪ ಆಸಾಮಿ, ನಗುವಾಗ ಹೊಟ್ಟೆ ಕುಣಿಯುತ್ತಿತ್ತು.

"ಬಿಚ್ಚಬೇಡಿ!" ಎಂದು ಅವಳು ಮೊದಲೇ ಕೂಗಿದಳು. "ಏನು ಹೊರಗೆ ಹೋಗ್ತಿದೆ ಅಂತ ನನಗೆ ಗೊತ್ತಾಗಬೇಕು. ಗೊತ್ತಾಗಿ, ನಾನು ಬೇಡ ಅಂದರೆ ನಿಲ್ಲಬೇಕು."

"ನೆಟ್ ವೈರು ಕಿತ್ತು ಬಿಸಾಕಿ ಮೇಡಂ. ನಿಶ್ಚಿಂತೆ."

ಅದು ಸಾಧ್ಯವಿರಲಿಲ್ಲ. ದೂರದ ಊರಿನ ಒಂದು ಪುಟ್ಟ ಹುಡುಗಿಗೆ ಅವಳು ವಾರವಾರವೂ ವಿಡಿಯೋದಲ್ಲಿ ಪಾಠ ಹೇಳುತ್ತಿದ್ದಳು. ಆ ಮಗುವಿನ ಕಿವಿ ಅರ್ಧ ಕೇಳುತ್ತಿತ್ತು, ಟೀಚರ ತುಟಿ ನೋಡಿಯೇ ಕಲಿಯಬೇಕಿತ್ತು. ವೈರು ಕಿತ್ತರೆ ಆ ತುಟಿಯೂ ಇಲ್ಲ.

"ಹಾಗಿದ್ದರೆ ಒಂದು ದೊಡ್ಡದು ಹಾಕ್ತೀನಿ" ಅಂದ ಬಿಚ್ಚಣ್ಣ. "ವೈರಸ್ಸು, ಕಳ್ಳರು, ಒಳಗೆ, ಹೊರಗೆ, ಎಲ್ಲ ಅದೇ ನೋಡ್ಕೊಳ್ಳುತ್ತೆ. ನೀವು ಏನೂ ಕೇಳಬೇಡಿ, ಅದೂ ನಿಮ್ಮನ್ನ ಏನೂ ಕೇಳಲ್ಲ."

ಹಾಕಿದ. ಪರದೆಯ ಮೂಲೆಯಲ್ಲಿ ಹಸಿರು ಗುರಾಣಿಯೊಂದು ಬಂದು ಕೂತಿತು. ನೀವು ಸುರಕ್ಷಿತ ಎಂದು ಆಗಾಗ ಹೇಳುತ್ತಿತ್ತು. ಯಾರಿಂದ, ಯಾಕೆ ಅನ್ನುವುದು ಮಾತ್ರ ಇಲ್ಲ. ಅವಳಿಗೆ ಆ ಮೌನವನ್ನೇ ಸಹಿಸಲಾಗದು. ಪಾಠದ ನಡುವೆ ಎದ್ದು ಹೋಗಿ ಗುರಾಣಿಯನ್ನು ಒತ್ತಿ ನೋಡಿ ಬರುವಳು. ಅದು ಮತ್ತೆ ನೀವು ಸುರಕ್ಷಿತ ಅನ್ನುವುದು. ಅಷ್ಟೇ ಅಲ್ಲ, ಆ ಭಾರಕ್ಕೆ ಕಂಪ್ಯೂಟರು ಏದುಸಿರು ಬಿಡತೊಡಗಿತು. ಬಸ್ ಕಂಡಕ್ಟರ್ ಒಬ್ಬರು ಉಗ್ಗಿಗೆ ಪಾಠಕ್ಕೆ ಬರುತ್ತಿದ್ದರು. ಹೆಚ್ಚುಕಡಿಮೆ ಗುಣವಾಗಿತ್ತು. ಅವರ ಹೊಸ ರೆಕಾರ್ಡಿಂಗನ್ನು ಬೆಳಿಗ್ಗೆಯೇ ಕೇಳಿ, ತೊಡರಿದ ಕಡೆಯೆಲ್ಲ ಗುರುತು ಹಾಕಿಕೊಂಡು, ಸಂಜೆ ಅವರು ಬಂದಾಗ ಟೀಚರ್ ಮುಖ ಸಣ್ಣ ಮಾಡಿಕೊಂಡಳು.

"ಮತ್ತೆ ಶುರುವಾಗಿದೆ. 'ಕ' ಮೇಲೆ ನಿಲ್ತಿದೀರಿ. 'ತ' ಮೇಲೂ."

"ಇಲ್ಲ ಟೀಚರ್! ಈ ವಾರ ಬಸ್ಸಲ್ಲಿ ಎಷ್ಟು ಕೂಗಿದೀನಿ, ಒಂದು ಕಡೆನೂ ನಿಲ್ಲಲಿಲ್ಲ" ಎಂದರು. ಹೇಳುವಾಗಲೇ ಹೆದರಿ 'ಕ' ನಿಂತುಬಿಟ್ಟಿತು. ಬೆವರು ಬಂತು. ಕೇಳಿಸಿ ಎಂದರು. ಕೇಳಿಸಿದಳು. ಇಬ್ಬರೂ ತಲೆ ಬಗ್ಗಿಸಿ ಕೇಳಿದರು. ಸ್ವಲ್ಪ ಹೊತ್ತಿಗೆ ಕಂಡಕ್ಟರ್ ತಲೆ ಎತ್ತಿದರು.

"ಟೀಚರ್, ನಿಮ್ಮ ಗೋಡೆ ಗಡಿಯಾರಕ್ಕೂ ಉಗ್ಗು ಬಂದಿದೆಯಲ್ಲ?"

ನಿಜ. ಅವರ ದನಿಯ ಹಿಂದೆ ಗಡಿಯಾರವೂ ಟಿ-ಟಿ-ಟಿಕ್ ಎಂದು ತೊಡರುತ್ತಿತ್ತು. ಉಗ್ಗುತ್ತಿದ್ದದ್ದು ಮಿಷನ್ನು. ಆಕೆ ಅದನ್ನು ಮನುಷ್ಯನ ಲೆಕ್ಕಕ್ಕೆ ಹಾಕಿದ್ದಳು. ಕಂಡಕ್ಟರಿಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು, ಆದರೆ ಅವರನ್ನು ಕಳಿಸಿದ ಮೇಲೆ ಕೋಣೆಯಲ್ಲಿ ಎಷ್ಟು ಸಲ ತಿರುಗಿದಳೋ. ಇಷ್ಟು ವರ್ಷ ತೊದಲು ಕೇಳಿದ ಕಿವಿ ಮೋಸ ಹೋಗಿತ್ತು. ಹಾಗಾದರೆ ಇನ್ನೇನೇನು ತನ್ನ ಕಣ್ಣು ತಪ್ಪಿಸಿದೆ?

"ಕಿತ್ತುಹಾಕಿ ಇದನ್ನ" ಎಂದು ಬಿಚ್ಚಣ್ಣನಿಗೆ ಫೋನು ಮಾಡಿದಳು. "ನನಗೆ ಕೇಳೋ ಅಂಥದ್ದು ಬೇಕು. ಪ್ರತಿಯೊಂದಕ್ಕೂ ನನ್ನನ್ನೇ ಕೇಳಬೇಕು."

"ಅಂಥದ್ದೂ ಇದೆ ಮೇಡಂ. ಆದರೆ ಅದು ಭಾರಿ ಪೀಡೆ. ಕೇಳಿ ಕೇಳಿ ತಲೆ ತಿನ್ನುತ್ತೆ."

"ತಿನ್ನಲಿ. ನಾನು ಎಷ್ಟು ಜನರ ತಲೆ ತಿಂದಿಲ್ಲ."

ಮೂರನೆಯ ಫೈರ್‌ವಾಲ್ ಅವಳ ಸ್ವಭಾವಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಯಾವ ಪ್ರೋಗ್ರಾಂ ಹೊರಕ್ಕೆ ಕಾಲಿಟ್ಟರೂ ಪರದೆಯ ಮೇಲೆ ಚೌಕವೊಂದು ಎದ್ದು ನಿಲ್ಲುತ್ತಿತ್ತು: ಇಂಥದ್ದು ಹೊರಗೆ ಹೋಗಬೇಕೆನ್ನುತ್ತಿದೆ, ಬಿಡಲೇ? ಕೆಳಗೆ ಮೂರು ಗುಂಡಿ. ಬೇಡ. ಈ ಸಲ ಮಾತ್ರ. ಯಾವಾಗಲೂ. ಅವಳು ಎಲ್ಲಕ್ಕೂ ಬೇಡ ಎಂದಳು. ಪ್ರಿಂಟರು ಮಾತು ಬಿಟ್ಟಿತು. ಕಂಪ್ಯೂಟರಿನ ಗಡಿಯಾರ ಹಿಂದೆ ಬಿತ್ತು. ವಿಡಿಯೋ ಪಾಠದ ಹೊತ್ತಿಗೆ ಅತ್ತಲಿಂದ ಹುಡುಗಿಯ ತಾಯಿ ಫೋನು ಮಾಡಿ, "ಟೀಚರ್, ನಮ್ಮ ಮೇಲೆ ಕೋಪವಾ?" ಎಂದು ಕೇಳಿದಳು.

ಬಿಚ್ಚಣ್ಣ ಬಂದು ನೋಡಿ ಹಣೆ ಚಚ್ಚಿಕೊಂಡ. "ಇದು ಗಡಿಯಾರ ಮೇಡಂ. ಟೈಮ್ ಸರಿ ಮಾಡ್ಕೊಂಡು ಬರ್ತೀನಿ ಅಂತಿದೆ ಪಾಪ. ಇದು ಪ್ರಿಂಟರು, ಪಕ್ಕದ ಮೇಜಿಗೆ ಹೋಗ್ತಿರೋದು. ಎಲ್ಲರನ್ನೂ ಜೈಲಿಗೆ ಹಾಕಿದೀರಲ್ಲ!"

"ಕೇಳಿ ಹೋಗಲಿ ಅಂದೆ, ಅಷ್ಟೇ."

ಗೊತ್ತಿದ್ದವರಿಗೆ ಈ ಸಲ ಮಾತ್ರ ಎಂದು ಒತ್ತುವುದನ್ನು ಕಲಿತಳು. ಯಾವಾಗಲೂ ಅನ್ನುವ ಗುಂಡಿಯನ್ನು ಮುಟ್ಟಲೇ ಇಲ್ಲ. ಇವತ್ತು ಸರಿ ಇದ್ದವನು ನಾಳೆಯೂ ಸರಿ ಇರುತ್ತಾನೆಂದು ಯಾವ ಧೈರ್ಯದ ಮೇಲೆ ಹೇಳುವುದು? ಹೀಗೆ ಒಬ್ಬೊಬ್ಬರನ್ನೇ ಗುರುತಿಸುತ್ತಾ ಹೋದಾಗ ಒಂದು ಚೌಕ ಮಾತ್ರ ಅರ್ಥವಾಗದೆ ಉಳಿಯಿತು. ಬೇಡ ಅಂದರೂ ಮತ್ತೆ ಬರುವುದು. ಬಾಗಿಲು ಹಾಕಿದ ಹಾಗೆಲ್ಲ ಮತ್ತೆ ತಟ್ಟುವುದು. ಕೊನೆಗೆ ಗಮನಿಸಿದಳು: ಅದು ಏಳುವುದು ಹೊಸ ರೆಕಾರ್ಡಿಂಗ್ ಉಳಿಸಿದ ಕೂಡಲೇ.

ಬಿಚ್ಚಣ್ಣ ಅದರ ಜಾಡು ಹಿಡಿದು ಹೋದ. ನಗು ನಿಲ್ಲಿಸಿದ. "ಇದು ನಕಲು ಇಡೋ ಪ್ರೋಗ್ರಾಂ ಮೇಡಂ. ನಿಮ್ಮ ಫೈಲುಗಳದ್ದೆಲ್ಲ ಒಂದೊಂದು ಪ್ರತಿ ಹೊರಗೆ ಕಳಿಸ್ತಿದೆ. ಕಂಪ್ಯೂಟರು ತಗೊಂಡ ದಿನದಿಂದ."

"ಎಲ್ಲಿಗೆ?"

ಅವನು ಪರದೆಯತ್ತ ಬೆರಳು ತೋರಿಸಿದ. ಖಾತೆಯ ಹೆಸರು ತಮ್ಮನದು.

ತಮ್ಮನಿಗೆ ನೆನಪೇ ಇರಲಿಲ್ಲ. ಆಮೇಲೆ ನೆನಪಾಯಿತು. "ಹೌದು ಕಣಕ್ಕಾ, ಆವತ್ತು ನಾನೇ ಟಿಕ್ ಹಾಕಿದ್ದು. ಹಳೇ ಕಂಪ್ಯೂಟರು ಕೆಟ್ಟಾಗ ಎಷ್ಟು ಅತ್ತೆ ನೀನು, ಎಲ್ಲ ಹೋಯ್ತು ಅಂತ? ಮತ್ತೆ ಹಾಗಾಗದಿರಲಿ ಅಂತ ಹಾಕಿದೆ. ಒಳ್ಳೇದಕ್ಕೇ ಅಲ್ವಾ?"

"ಒಳ್ಳೇದಕ್ಕೆ ಮಾಡೋರು ಕೇಳಿ ಮಾಡಬಾರದಾ?"

"ಯಾರು ಕೇಳ್ತಾರೆ ಅಕ್ಕಾ ಅದನ್ನ? ನನ್ನ ಕಡೆ ಬಿದ್ದಿದೆ ಅಷ್ಟೇ. ಒಂದನ್ನೂ ತೆರೆದಿಲ್ಲ. ಅಆಇಈ ಕೇಳ್ಕೊಂಡು ಕೂರೋಕೆ ನನಗೇನು ಬೇರೆ ಕೆಲಸ ಇಲ್ವಾ?"

ಅವಳು ಅವನ ಪಕ್ಕದಲ್ಲೇ ನಿಂತು ಎಲ್ಲವನ್ನೂ ಅಳಿಸಿ ಹಾಕಿಸಿದಳು. ಖಾಲಿಯಾಯಿತು ನೋಡು ಎಂದು ಅವನು ಮುಖ ದಪ್ಪ ಮಾಡಿಕೊಂಡು ಹೇಳಿದ. ಖಾಲಿಯಾದ ಮೇಲೂ ಅವಳಿಗೆ ಸಮಾಧಾನವಾಗಲಿಲ್ಲ. ಕಳುವಾದದ್ದನ್ನು ವಾಪಸು ಇಟ್ಟರೆ ಕಳುವಾಗಲಿಲ್ಲ ಅಂತಾಗುತ್ತದೆಯೇ? ಬಿಚ್ಚಣ್ಣ ಹೊರಡುವಾಗ ಮೆಲ್ಲಗೆ ಅಂದ: "ಇಲ್ಲಿಗೆ ಬಿಟ್ಟುಬಿಡಿ ಮೇಡಂ. ಹೊರಗಿನ ಯಾರಿಗೂ ಹೋಗಿಲ್ಲ. ಪಾಠಕ್ಕೆ ಬರೋರಿಗೆ ಹೇಳಿ ಯಾಕೆ ಹೆದರಿಸ್ತೀರಿ?"

"ಹೇಳ್ದೆ, ನಾಳೆ ಅವರ ಮುಂದೆ ಕೂತು ಬಾಯಿ ಬಿಡಿ ಅಂತ ಹೇಗೆ ಹೇಳಲಿ?"

ಎಲ್ಲರಿಗೂ ಹೇಳಿದಳು. ಹೆಚ್ಚಿನವರು ಹೋಗಲಿ ಬಿಡಿ ಅಂದರು. ಕಂಡಕ್ಟರ್ ಅಂತೂ, "ನಿಮ್ಮ ತಮ್ಮನಿಗೆ ನಾನು ಸ್ಟಾಪು ಕೂಗೋದು ಬಾಯಿಪಾಠ ಆಗಿರಬೇಕು" ಎಂದು ನಕ್ಕರು. ವಾರ್ತೆಯವರಿಗೆ ಹೇಳುವ ದಿನ ಅವಳು ಬೆಳಗಿನಿಂದ ಏನೂ ತಿನ್ನಲಿಲ್ಲ. ಹೇಳಿ ಮುಗಿಸಿದಾಗ ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಎದ್ದದ್ದು ಹೆಂಡತಿ.

"ನೀವು ಮಾತು ಕೊಟ್ಟಿದ್ದಿರಿ. ನಾನು ಇಲ್ಲಿ ಕಿಟಕಿ ಹಾಕ್ತಾ ಕೂತಿದ್ದೆ, ನೀವು ಹಿತ್ತಿಲ ಬಾಗಿಲು ತೆಗೆದಿಟ್ಟಿದ್ರಾ?" ಎಂದು ಗಂಡನ ಎಡಗೈ ಹಿಡಿದು ಎಬ್ಬಿಸಿದರು. ಅವರು ಹೊಸಲಿನ ಬಳಿ ಒಮ್ಮೆ ತಿರುಗಿ, ಏನೋ ಹೇಳಲು ಬಾಯಿ ತೆರೆದರು. ಟೀಚರ್ ಎಂದಿನ ಹಾಗೆ ಕಾದಳು. ಹೆಂಡತಿ ಕಾಯಲಿಲ್ಲ.

ಆಮೇಲಿನ ವಾರಗಳಲ್ಲಿ ಅವಳು ಮನೆಯವರ ಪಾಲಿಗೆ ಬಿರುಗಾಳಿಯಾದಳು. ವಾರ್ತೆಯವರ ಪಾಠದ ಹೊತ್ತಿಗೆ ಬೇರೆ ಯಾರನ್ನೂ ಕರೆಯಲಿಲ್ಲ, ಆ ಗಂಟೆಯಷ್ಟೂ ಕೋಣೆಯಲ್ಲಿ ತಿರುಗುತ್ತಿದ್ದಳು. ಫೋನು ಎತ್ತುವಳು, ಇಡುವಳು. ಅವರ ಬೀದಿಯ ತುದಿಯವರೆಗೆ ನಡೆದು ವಾಪಸು ಬರುವಳು. ಲಕ್ವದ ನಾಲಿಗೆಗೆ ಅಭ್ಯಾಸ ತಪ್ಪಿದರೆ ಗಳಿಸಿದ್ದೂ ಕರಗಿಹೋಗುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದನಿ ಕಾಯುತ್ತೇನೆಂದು ಹೊರಟು ಆ ದನಿಯನ್ನೇ ಕಳೆದೆನಲ್ಲ ಅನ್ನುವುದು ಒಳಗೇ ಕೊರೆಯುತ್ತಿತ್ತು. ತಮ್ಮ ಮೂರು ಸಲ ಮಾತಾಡಿಸಲು ಬಂದು ಮೂರು ಸಲವೂ ಬೈಸಿಕೊಂಡು ಹೋದ.

ಸಾಯುವ ಹಿಂದಿನ ದಿನ, ಬುಧವಾರ ಸಂಜೆ, ಕೊನೆಯ ಪಾಠ ಮುಗಿದು ಅವಳು ಕುರ್ಚಿ ಸರಿಸುತ್ತಿದ್ದಾಗ, ವಾರ್ತೆಯವರು ಬಂದರು. ಒಬ್ಬರೇ, ಕೋಲೂರಿಕೊಂಡು. ಹೆಂಡತಿ ಹೊರಗೆ ಗೇಟಿನ ಬಳಿ ಮುಖ ಆಚೆ ತಿರುಗಿಸಿ ನಿಂತಿದ್ದರು.

ಅವರು ಕೂತರು. ತುಟಿ ಕೂಡಿಸಿದರು, ಬಿಟ್ಟರು, ಮತ್ತೆ ಕೂಡಿಸಿದರು. ಅವಳು ಕಾದಳು.

"ತ... ತಮ್ಮ," ಅಂದರು. ದಮ್ಮು ತೆಗೆದುಕೊಂಡರು. "ಕೇ... ಕೇಳಿದನಾ?"

"ಇಲ್ಲ ಸರ್. ಒಂದನ್ನೂ ತೆರೆದಿಲ್ಲ. ದೇವರಾಣೆ."

"ಒಂ... ದೂ?"

"ಒಂದೂ ಇಲ್ಲ."

ಅವರ ಮುಖದಲ್ಲಿ ನೆಮ್ಮದಿ ಮೂಡಬಹುದೆಂದು ಅವಳು ಕಾಯುತ್ತಿದ್ದಳು. ಮೂಡಿದ್ದು ಬೇರೆ. ಹುಬ್ಬು ಮೇಲೆ ಹೋಯಿತು, ಕೆಳತುಟಿ ಸ್ವಲ್ಪ ಮುಂದೆ ಬಂತು. ಇಡೀ ಊರು ಕಿವಿಗೊಟ್ಟು ಕೇಳುತ್ತಿದ್ದ ಮನುಷ್ಯ. ಅವರ ದನಿ ಅಷ್ಟು ದಿನ ಹೊರಗೆ ಬಿದ್ದಿದ್ದರೂ ಒಬ್ಬನೇ ಒಬ್ಬ ಕೇಳಿರಲಿಲ್ಲ.

"ದರಿದ್ರ!" ಅಂದರು ಖಣಖಣನೆ.

ಅವಳಿಗೆ ನಗು ಉಕ್ಕಿ ಬಂತು, ತಡೆದುಕೊಂಡಳು. ಅವರೇ ಮೊದಲು ನಕ್ಕರು, ಒಂದೇ ಕಡೆಯ ತುಟಿಯಲ್ಲಿ. ಆಮೇಲೆ ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಹೆಂಡತಿಯ ಅಕ್ಷರದಲ್ಲಿ ಒಂದು ಇಮೇಲ್ ವಿಳಾಸ. ಅದು ರೇಡಿಯೋದಲ್ಲಿ ಅವರ ಜೊತೆ ಸರದಿಯಲ್ಲಿ ವಾರ್ತೆ ಓದುತ್ತಿದ್ದ ಹೆಂಗಸಿನದು. ಕಾಯಿಲೆಯಾದ ದಿನದಿಂದ ಆಕೆ ಫೋನು ಮಾಡುತ್ತಲೇ ಇದ್ದರು, ಇವರು ಒಂದು ಸಲವೂ ಫೋನಿನ ಬಳಿಗೆ ಹೋಗಿರಲಿಲ್ಲ. ಅವರು ಮೈಕಿನ ಕಡೆ ಬೆರಳು ತೋರಿಸಿದರು, ಆಮೇಲೆ ಚೀಟಿಯ ಕಡೆ.

ರೆಕಾರ್ಡ್ ಮಾಡಿದಳು. ನಮಸ್ಕಾರ ಬಂತು. ಅವರದೇ ಹೆಸರು ಅರ್ಧ ಬಂತು. ನಡುವೆ ಎಷ್ಟೋ ಹೊತ್ತು ಉಸಿರು ಬಿಟ್ಟು ಬೇರೇನೂ ಇಲ್ಲ. ನೀವು ಹೇಗಿದ್ದೀರಿ ಅನ್ನುವುದು ಕೊನೆಯಲ್ಲಿ ಮೂರು ತುಂಡಾಗಿ ಬಂತು.

"ನಡುವಿನ ಖಾಲಿ ಕತ್ತರಿಸಿ ಕೊಡಲಾ ಸರ್? ಚೆನ್ನಾಗಿ ಕೇಳುತ್ತೆ."

ಅವರು ತಲೆಯಾಡಿಸಿದರು. ಬೇಡ. ಹೀಗೇ.

ಅವಳು ವಿಳಾಸ ಟೈಪು ಮಾಡಿ, ದನಿಯನ್ನು ಲಗತ್ತಿಸಿ, ಕಳಿಸಲು ಒತ್ತಿದಳು. ಕೂಡಲೇ ಚೌಕ ಎದ್ದು ನಿಂತಿತು: ಅಂಚೆ ಪ್ರೋಗ್ರಾಂ ಹೊರಗೆ ಹೋಗಬೇಕೆನ್ನುತ್ತಿದೆ, ಬಿಡಲೇ? ವಾರ್ತೆಯವರು ಮುಂದೆ ಬಾಗಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಅದನ್ನು ಓದತೊಡಗಿದರು. ಅವಳ ಕೈ ಆಗಲೇ ಮೌಸಿನ ಮೇಲಿತ್ತು, ಬೆರಳು ಗುಂಡಿಯ ಮೇಲಿತ್ತು.

ಕೈ ತೆಗೆದಳು. ಮೌಸಿನ ವೈರು ಪ್ರಿಂಟರಿನ ಹಿಂದೆ ಸಿಕ್ಕಿಕೊಂಡಿತ್ತು. ಎದ್ದು, ಮೇಜಿನ ಆಚೆ ಬಗ್ಗಿ ಅದನ್ನು ಬಿಡಿಸಿ, ಕಂಪ್ಯೂಟರಿನ ಹಿಂದಿನಿಂದ ಸುತ್ತಿಸಿ ಈ ಕಡೆ ತಂದು, ಅವರ ಎಡಗೈಯ ಕೆಳಗೆ ಇಟ್ಟಳು.